ನಳ ಬರುವ ದಿನ ಹೇಳಿ, ಬ್ಯಾರಲ್ ನಾವು ತೊಳೀತೀವಿ

ಗದಗ ಜಿಲ್ಲೆಯ ಗ್ರಾಮ ಪಂಚಾಯಿತಿಗಳ ಅಧ್ಯಕ್ಷರಿಗೆ, ಸದಸ್ಯರಿಗೆ ಮತ್ತು ಪಿಡಿಓ ಸಾಹೇಬರಿಗೆ,

ನಮಸ್ಕಾರ.

ರೋಣ ತಾಲೂಕಿನ ಒಂದು ಹಳ್ಳಿಯಲ್ಲಿ ಔಷಧಿ ಅಂಗಡಿ ನಡೆಸುವವನು ನಾನು. ಊರಿನ ಹೆಸರು ಬೇಕಂತಲೇ ಬರೆದಿಲ್ಲ. ಬರೆದರೆ ಇದು ಒಂದು ಪಂಚಾಯಿತಿಯ ಮೇಲಿನ ದೂರು ಆಗುತ್ತೆ, ಉಳಿದವರು 'ನಮಗಲ್ಲ ಬಿಡು' ಅಂತ ಪಕ್ಕಕ್ಕೆ ಇಡುತ್ತಾರೆ. ವಾರಕ್ಕೊಮ್ಮೆಯೋ ಎಂಟು ದಿನಕ್ಕೊಮ್ಮೆಯೋ ನಳ ಬರುವ ಎಲ್ಲ ಊರುಗಳ ಮಾತು ಇದು.

ಬರೆಯುತ್ತಿರುವುದು ಡೆಂಗಿ ಬಗ್ಗೆ. ಚಿಕೂನ್‌ಗುನ್ಯಾ, ಮಲೇರಿಯಾ ಕೂಡ ನಡುವೆ ಬರುತ್ತವೆ. ಆದರೆ ನಾನು ಮುಖ್ಯವಾಗಿ ಕೇಳುವುದು ಒಂದೇ. ನಳ ಯಾವ ದಿನ ಬರುತ್ತೆ ಅಂತ ಮೊದಲೇ ಹೇಳಿ, ಹೇಳಿದ ದಿನ ನೀರು ಬಿಡಿ. ಸೊಳ್ಳೆಗೂ ಇದಕ್ಕೂ ಏನು ಸಂಬಂಧ ಅಂತೀರಾ? ಇದೆ, ಪೂರ್ತಿ ಓದಿ.

ಮುಂಗಾರು ಹಿಡಿದು, ಹೆಸರು ಬಿತ್ತಿ ಮುಗಿಯುವ ಹೊತ್ತಿಗೆ ಪ್ರತಿ ವರ್ಷ ಊರೊಳಗೆ ಮೈಕ್ ಕಟ್ಟಿದ ಆಟೋ ಬರುತ್ತೆ. 'ಮನೆಯಲ್ಲಿ ನೀರು ಸಂಗ್ರಹಿಸಬೇಡಿ, ಸೊಳ್ಳೆ ಉತ್ಪತ್ತಿ ತಡೆಯಿರಿ' ಅಂತ ಕೂಗುತ್ತಾ ಹೋಗುತ್ತೆ. ಒಮ್ಮೆ ಆ ಆಟೋ ನನ್ನ ಅಂಗಡಿ ಮುಂದೆ ಹಾದು ಹೋಗುವಾಗ ಎದುರು ಮನೆಯ ಅಜ್ಜಿ ಕೊಡ ಇಳಿಸಿ ನಿಂತು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ನೀರು ತುಂಬಿಡಬ್ಯಾಡ್ರಿ ಅಂತಾನ. ನಾಳೆ ಜಳಕಕ್ಕ ಇವನ ಮನೀಗೆ ಹೋಗ್ಲೇನು?" ಅಂದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಆದರೆ ಅಜ್ಜಿ ಕೇಳಿದ್ದರಲ್ಲಿ ತಪ್ಪೇನಿದೆ?

ಲೆಕ್ಕ ಹಾಕಿ ನೋಡಿ. ಜಲ ಜೀವನ್ ಮಿಷನ್ ಪ್ರಕಾರ ತಲಾ ದಿನಕ್ಕೆ 55 ಲೀಟರ್ ನೀರು. ಐದು ಜನರ ಮನೆಗೆ ದಿನಕ್ಕೆ 275 ಲೀಟರ್ ಆಯಿತು. ನಳ ಎಂಟು ದಿನಕ್ಕೊಮ್ಮೆ ಬಂದರೆ 2,200 ಲೀಟರ್ ಹಿಡಿದಿಡಬೇಕು. ಅಂದರೆ 200 ಲೀಟರಿನ ಹನ್ನೊಂದು ಬ್ಯಾರಲ್! ದನಕರು ಇದ್ದರೆ ಅವುಗಳ ನೀರು ಬೇರೆ. ಅಷ್ಟು ಬ್ಯಾರಲ್ ಯಾರ ಮನೆಯಲ್ಲೂ ಇಲ್ಲ. ಅದಕ್ಕೇ ಜನ ಬ್ಯಾರಲ್, ಹಂಡೆ, ಹರವಿ, ಬಕೆಟ್, ಬಣ್ಣದ ಖಾಲಿ ಡಬ್ಬಿ, ಕೈಗೆ ಸಿಕ್ಕಿದ್ದರಲ್ಲೆಲ್ಲ ನೀರು ತುಂಬುತ್ತಾರೆ. ಕುಡಿಯುವ ನೀರಿನದು ಅಷ್ಟು ತೊಂದರೆ ಇಲ್ಲ. ನಮ್ಮ ಜಿಲ್ಲೆಯ ಎಷ್ಟೋ ಕಡೆ ಬೋರಿನ ನೀರಲ್ಲಿ ಫ್ಲೋರೈಡ್ ಜಾಸ್ತಿ, ಹಾಗಾಗಿ ಕುಡಿಯಲು ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತಾರೆ. ಕ್ಯಾನಿಗೆ ಮುಚ್ಚಳ ಇರುತ್ತೆ. ಬಳಸುವ ನೀರಿಗೆ ಮುಚ್ಚಳ ಇಲ್ಲ. ಬಚ್ಚಲ ಮೂಲೆಯಲ್ಲಿ, ಹಿತ್ತಲಲ್ಲಿ ಬಾಯಿ ತೆರೆದು ನಿಂತಿರುತ್ತೆ.

ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದದ್ದು ಇದೇ. ಗಟಾರದ ಕೊಳಕು ನೀರಿಗಿಂತ ಮನೆಯೊಳಗಿನ ತಿಳಿನೀರು ಅದಕ್ಕೆ ಇಷ್ಟ. ಗಟಾರ ಹೂಳೆತ್ತಬೇಡಿ ಅಂತ ನಾನು ಹೇಳ್ತಿಲ್ಲ. ಅದು ಬೇರೆ ಸೊಳ್ಳೆಗಳಿಗಾಗಿ ಆಗಲೇಬೇಕಾದ ಕೆಲಸ. ಆದರೆ ಗಟಾರಕ್ಕೆ ಬ್ಲೀಚಿಂಗ್ ಪೌಡರ್ ಉದುರಿಸಿ ಫೋಟೋ ತೆಗೆಸಿಕೊಂಡರೆ ಡೆಂಗಿ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ.

ಒಂದು ಸಲ ಯಾವುದಾದರೂ ಬ್ಯಾರಲ್‌ಗೆ ಮೊಬೈಲ್ ಬೆಳಕು ಬಿಟ್ಟು ನೋಡಿ. ಬಗ್ಗಿದ ತಕ್ಷಣ ಏನೂ ಕಾಣಿಸಲ್ಲ. ನೆರಳು ಬಿದ್ದ ಕೂಡಲೇ ಸೊಳ್ಳೆಯ ಮರಿಹುಳಗಳು ತಳಕ್ಕೆ ಇಳಿದುಬಿಡುತ್ತವೆ. ಅದಕ್ಕೇ ಎಷ್ಟೋ ಮನೆಗಳಲ್ಲಿ 'ನಮ್ಮಲ್ಲಿ ಹುಳ ಇಲ್ರೀ' ಅಂತಾರೆ, ಆಶಾ ಅಕ್ಕ ಗುರುತು ಹಾಕಿ ಮುಂದೆ ಹೋಗ್ತಾರೆ. ಅಲುಗಾಡದೆ ಎರಡು ನಿಮಿಷ ನಿಲ್ಲಿ. ಒಂದೊಂದಾಗಿ ಮೇಲೆ ಬರುತ್ತವೆ. ಉಸಿರಾಡಲು ಬಾಲವನ್ನು ನೀರಿನ ಮೇಲ್ಮೈಗೆ ತಾಗಿಸಿ, ತಲೆ ಕೆಳಗೆ ಮಾಡಿ ತೂಗಾಡುತ್ತವೆ. ಇನ್ನು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಒಳಗೋಡೆಯ ಮೇಲೆ ಬೆರಳಾಡಿಸಿ. ಮಸಿ ಚುಕ್ಕಿಯಂಥವು ಅಂಟಿಕೊಂಡಿರುತ್ತವೆ. ಅವು ಮೊಟ್ಟೆ. ನೀರು ಚೆಲ್ಲಿದರೆ ಹೋಗಲ್ಲ. ಬ್ಯಾರಲ್ ಒಣಗಿಸಿ ಮಾಳಿಗೆ ಮೇಲೆ ಬೋರಲು ಹಾಕಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ, ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ತೆಂಗಿನ ನಾರಿನಿಂದಲೋ ಬ್ರಷ್‌ನಿಂದಲೋ ತಿಕ್ಕಿಯೇ ತೆಗೆಯಬೇಕು.

ಈಗ ನಳದ ಮಾತಿಗೆ ಬರೋಣ. ನಮ್ಮ ಸೆಕೆಗೆ ಮೊಟ್ಟೆ ಒಡೆದು ರೆಕ್ಕೆ ಬಂದು ಹಾರಲು ಸುಮಾರು ಏಳರಿಂದ ಹತ್ತು ದಿನ ಸಾಕು. ಅದಕ್ಕೇ ವಾರಕ್ಕೊಂದು ಒಣ ದಿನ ಮಾಡಿ, ಎಲ್ಲ ಬರಿದು ಮಾಡಿ, ತಿಕ್ಕಿ, ಒಣಗಿಸಿ ಅಂತ ಇಲಾಖೆ ಹೇಳುತ್ತೆ. ಸರಿಯಾದ ಮಾತೇ. ಆದರೆ ಶುಕ್ರವಾರ ಒಣ ದಿನ ಅಂತ ನೀವು ಗೊತ್ತುಮಾಡಿ, ನಳ ಬರುವುದು ಮುಂದಿನ ಮಂಗಳವಾರ ಆದರೆ, ಯಾವ ಮನೆಯಾಕೆ ಶುಕ್ರವಾರ ಬ್ಯಾರಲ್ ಚೆಲ್ಲುತ್ತಾಳೆ? ಮಂಗಳವಾರವೂ ಖಾತ್ರಿ ಇಲ್ಲ. ಮೋಟಾರ್ ಸುಟ್ಟಿದೆ, ಪೈಪ್ ಒಡೆದಿದೆ, ಕರೆಂಟ್ ಇಲ್ಲ ಅಂತ ಮೂರು ದಿನ ಮುಂದೆ ಹೋಗಬಹುದು. ಹೀಗಾಗಿ ಎಲ್ಲರೂ ಮಾಡುವುದು ಒಂದೇ ಕೆಲಸ. ಬ್ಯಾರಲ್ ತಳದಲ್ಲಿ ಕಾಲು ಭಾಗ ನೀರು ಆಪತ್ತಿಗೆ ಅಂತ ಉಳಿಸಿಕೊಳ್ಳುತ್ತಾರೆ. ನಳ ಬಂದಾಗ ಅದರ ಮೇಲೆಯೇ ಹೊಸ ನೀರು ಬಿಡುತ್ತಾರೆ. ತಳದ ಹುಳ ಹಾಗೆಯೇ ಉಳಿಯುತ್ತವೆ. ಹೊಸ ನೀರು ಗೋಡೆಯ ಮೊಟ್ಟೆಯವರೆಗೆ ಏರಿ ಅವನ್ನೂ ಒಡೆಸುತ್ತೆ. ಹಬ್ಬದ ದಿನ ಬಿಟ್ಟರೆ ಆ ಬ್ಯಾರಲ್ ಪೂರ್ತಿ ಬರಿದಾಗುವುದೇ ಇಲ್ಲ.

ಇದರಲ್ಲಿ ಜನರ ದಡ್ಡತನ ಏನೂ ಇಲ್ಲ. ನಾಳೆ ಖಂಡಿತ ನೀರು ಬರುತ್ತೆ ಅಂತ ಗೊತ್ತಿದ್ದರೆ ನಮ್ಮ ಹೆಣ್ಣುಮಕ್ಕಳು ಇವತ್ತೇ ಬ್ಯಾರಲ್ ಬೋರಲು ಹಾಕಿ ಥಳಥಳ ಮಾಡಿ ಇಡುತ್ತಾರೆ. ಪಂಚಮಿ, ದೀಪಾವಳಿ ಬಂದಾಗ ಹೇಳಿಸಿಕೊಂಡು ತೊಳೀತಾರೇನು? ನಿಮ್ಮಿಂದ ಬೇಕಾಗಿರುವುದು ಆ ಖಾತ್ರಿ ಮಾತ್ರ. ದಿನಾ ನೀರು ಕೊಡಿ ಅಂತ ಕೇಳಲು ನನಗೂ ಆಸೆ ಇದೆ. ಅದು ಹೊಳೆ, ಜಾಕ್‌ವೆಲ್, ಕೋಟಿಗಟ್ಟಲೆ ಯೋಜನೆಯ ಮಾತು, ನಿಮ್ಮ ಕೈಯಲ್ಲಿ ಪೂರ್ತಿ ಇಲ್ಲ, ಗೊತ್ತು. ಆದರೆ ಯಾವ ಓಣಿಗೆ ಯಾವ ದಿನ ಅಂತ ಪಂಚಾಯಿತಿ ಬೋರ್ಡಿಗೆ ಬರೆಯುವುದು, ಹಿಂದಿನ ದಿನ ಬೆಳಗ್ಗೆ ಡಂಗುರ ಹೊಡೆಸುವುದು, ನಳಕ್ಕೆ ನೀರು ಬಿಡುವ ನೀರುಗಂಟಿಯಿಂದ ಓಣಿಯ ವಾಟ್ಸಾಪ್ ಗುಂಪಿಗೆ ಒಂದು ಧ್ವನಿ ಸಂದೇಶ ಹಾಕಿಸುವುದು ನಿಮ್ಮ ಕೈಯಲ್ಲೇ ಇದೆ. ದಿನ ತಪ್ಪಿದರೆ ಅದನ್ನೂ ಹೇಳಿ. ಡಂಗುರದವನಿಗೆ ಒಂದೇ ಸಾಲು ಕೊಡಿ: 'ನಾಳೆ ನಳ ಬರ್ತೈತಿ, ಇವತ್ತು ಬ್ಯಾರಲ್ ತಿಕ್ಕಿ.' ಆಟೋ ಮೈಕಿಗೆ ಖರ್ಚು ಮಾಡುವುದಕ್ಕಿಂತ ಈ ಸಾಲು ಜಾಸ್ತಿ ಕೆಲಸ ಮಾಡುತ್ತೆ.

ಇಲ್ಲಿ ನೀರುಗಂಟಿಗಳ ಬಗ್ಗೆ ಒಂದು ಮಾತು. ಊರಿನ ಪ್ರತಿ ವಾಲ್ವ್, ಪ್ರತಿ ನಳ, ಯಾವ ಮನೆಯಲ್ಲಿ ಎಷ್ಟು ಬ್ಯಾರಲ್ ಇವೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. ಆದರೆ ಡೆಂಗಿ ಸಭೆಗೆ ಅವರನ್ನು ಕರೆದದ್ದನ್ನು ನಾನಂತೂ ನೋಡಿಲ್ಲ. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಆರೋಗ್ಯ ನಿರೀಕ್ಷಕರು ಬರುತ್ತಾರೆ, ಚಹಾ ಕುಡಿದು ಹೋಗುತ್ತಾರೆ. ನೀರುಗಂಟಿಯನ್ನೂ ಕೂರಿಸಿಕೊಳ್ಳಿ. ಸಂಬಳವನ್ನೂ ಸಮಯಕ್ಕೆ ಕೊಟ್ಟರೆ ಇನ್ನೂ ಒಳ್ಳೇದು.

ಎರಡನೇ ಮಾತು ಮುಚ್ಚಳದ್ದು. ಬ್ಯಾರಲ್ ಕೊಳ್ಳುವಾಗ ಹೆಚ್ಚಿನವಕ್ಕೆ ಮುಚ್ಚಳ ಇರಲ್ಲ. ಹಲಗೆ ತುಂಡು, ತಗಡು, ಗೋಣಿಚೀಲ ಮುಚ್ಚುತ್ತಾರೆ, ಸಂದಿಯಲ್ಲಿ ಸೊಳ್ಳೆ ಒಳಗೆ ಹೋಗುತ್ತೆ. ಗಟ್ಟಿ ನೇಯ್ಗೆಯ ಬಟ್ಟೆಗೆ ಸುತ್ತ ಎಲಾಸ್ಟಿಕ್ ಹೊಲಿದರೆ ಬ್ಯಾರಲ್ ಬಾಯಿಗೆ ಬಿಗಿಯಾಗಿ ಕೂರುತ್ತೆ. ಒಂದು ಮೀಟರ್ ಬಟ್ಟೆ, ಒಂದೂವರೆ ಮೀಟರ್ ಎಲಾಸ್ಟಿಕ್, ಹೊಲಿಗೆ ಯಂತ್ರದ ಮೇಲೆ ಹತ್ತು ನಿಮಿಷ. ಬಟ್ಟೆ ಜೋತುಬಿದ್ದು ನೀರಿಗೆ ತಾಗಬಾರದು, ಅಷ್ಟೇ. ತಾಗಿದರೆ ಆ ಒದ್ದೆ ಗುಳಿಯಲ್ಲೇ ಸೊಳ್ಳೆ ಮೊಟ್ಟೆ ಇಡುತ್ತೆ. ಬೆಟಗೇರಿಯಲ್ಲಿ, ಗಜೇಂದ್ರಗಡದಲ್ಲಿ ಮಗ್ಗಗಳಿವೆ. ಹಳ್ಳಿ ಹಳ್ಳಿಯಲ್ಲಿ ಸ್ತ್ರೀಶಕ್ತಿ ಸಂಘಗಳಿವೆ, ಹೊಲಿಗೆ ಯಂತ್ರ ಇರುವ ಹೆಣ್ಣುಮಕ್ಕಳಿದ್ದಾರೆ. 1905ರಲ್ಲೇ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ಜಿಲ್ಲೆ ಇದು. ಬ್ಯಾರಲ್ ಟೋಪಿ ಹೊಲಿಸಲು ಬೆಂಗಳೂರಿನಿಂದ ಟೆಂಡರ್ ಬರಬೇಕಾ?

ದುಡ್ಡು ಎಲ್ಲಿ ಅಂತ ಕೇಳಬೇಡಿ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿ ಅಂತ ಪ್ರತಿ ಊರಿಗೂ ಇದೆ. ಅದಕ್ಕೆ ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿ, ಅಂದರೆ ಊರಿನ ಅಗತ್ಯ ನೋಡಿ ಖರ್ಚು ಮಾಡುವ ಹಣ, ಅಂತ ಗೊತ್ತುಮಾಡಿದ್ದಾರೆ. 15ನೇ ಹಣಕಾಸು ಆಯೋಗವಂತೂ ಪಂಚಾಯಿತಿ ಅನುದಾನದಲ್ಲಿ ನೂರಕ್ಕೆ 60ರಷ್ಟನ್ನು ನೀರಿಗೆ, ನೈರ್ಮಲ್ಯಕ್ಕೇ ಮೀಸಲಿಟ್ಟಿತ್ತು. ನನ್ನ ಊರಿನವರಿಗೆ ಈ ಸಮಿತಿ ಇದೆ ಅನ್ನುವುದೇ ಗೊತ್ತಿಲ್ಲ. ಗ್ರಾಮ ಸಭೆಯಲ್ಲಿ ಅದರ ಲೆಕ್ಕ ಓದಿ ಹೇಳಿ ಸಾಕು, ಉಳಿದದ್ದು ತಾನಾಗಿ ಸರಿಹೋಗುತ್ತೆ.

ದಂಡದ ವಿಷಯ ಹೇಳದೆ ಬಿಡಲ್ಲ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಗೊತ್ತುಮಾಡಿತು. ಪಟ್ಟಣದ ಮನೆಗೆ 400 ರೂಪಾಯಿ, ಹಳ್ಳಿ ಮನೆಗೆ 200. ಹಳ್ಳಿಯ ಅಂಗಡಿ, ಹೋಟೆಲಿನಂಥ ಕಡೆ 500, ಕಟ್ಟಡ ಕೆಲಸದ ಜಾಗ, ಖಾಲಿ ನಿವೇಶನಕ್ಕೆ 1,000. ದಂಡ ಬೇಡ ಅಂತ ನಾನು ಹೇಳಲ್ಲ. ಪಂಕ್ಚರ್ ಅಂಗಡಿ ಮುಂದೆ ಹಳೇ ಟೈರ್ ಒಟ್ಟಿ ಮಳೆನೀರು ನಿಲ್ಲಿಸುವವರಿಗೆ, ಮನೆ ಕಟ್ಟಿಸಲು ಶುರುಮಾಡಿ ಕ್ಯೂರಿಂಗ್ ತೊಟ್ಟಿ ಹಾಗೇ ಬಿಟ್ಟು ಹೋದವರಿಗೆ ಹಾಕಿ. ಆದರೆ ಎಂಟು ದಿನಕ್ಕೆ ನಳ ಬಿಟ್ಟು, ಮುಚ್ಚಳವನ್ನೂ ಕೊಡದೆ, ಬ್ಯಾರಲ್‌ನಲ್ಲಿ ಹುಳ ಸಿಕ್ಕಿತು ಅಂತ ಕೂಲಿ ಮಾಡುವವಳಿಂದ 200 ರೂಪಾಯಿ ಕಿತ್ತುಕೊಳ್ಳುವುದು ನ್ಯಾಯ ಅಲ್ಲ. ಮೊದಲು ನಿಮ್ಮ ಆಸ್ತಿಯನ್ನೇ ಒಂದು ಸುತ್ತು ನೋಡಿ ಬನ್ನಿ. ಓಣಿಯ ಮಿನಿ ಟ್ಯಾಂಕಿಗೆ ಮುಚ್ಚಳ ಇದೆಯಾ? ವಾಲ್ವ್ ಗುಂಡಿಯಲ್ಲಿ ಸೋರಿದ ನೀರು ನಿಂತಿದೆಯಾ? ಶಾಲೆಯ ಶೌಚಾಲಯದ ತೊಟ್ಟಿ ಕೊನೆಗೆ ಯಾವಾಗ ತೊಳೆದದ್ದು? ಈಡಿಸ್ ಹಗಲಲ್ಲೇ ಕಚ್ಚುವ ಸೊಳ್ಳೆ. ಬೆಳಗ್ಗೆ ಮತ್ತು ಸಂಜೆಗೆ ಮುಂಚೆ ಅದರ ಹಾವಳಿ ಜಾಸ್ತಿ. ಮಕ್ಕಳು ಆಗ ಚಡ್ಡಿ ಹಾಕಿಕೊಂಡು ಶಾಲೆಯಲ್ಲೇ ಇರುತ್ತವೆ, ಅಲ್ವಾ?

ಇದಕ್ಕೇ ನನಗೆ ನನ್ನ ವ್ಯಾಪಾರದ ಬಗ್ಗೆಯೇ ನಗು ಬರುತ್ತೆ. ಕಾಯಿಲ್, ಲಿಕ್ವಿಡ್ ರೀಫಿಲ್ ಜಾಸ್ತಿ ಹೋಗುವುದು ದೀಪ ಹಚ್ಚುವ ಹೊತ್ತಿಗೆ. ಡೆಂಗಿ ಸೊಳ್ಳೆ ಅಷ್ಟರಲ್ಲಿ ತನ್ನ ಕೆಲಸ ಮುಗಿಸಿ ಮಂಚದ ಕೆಳಗೆ, ಗೂಟಕ್ಕೆ ಹಾಕಿದ ಅಂಗಿಯ ಹಿಂದೆ ಕೂತಿರುತ್ತೆ. ಹೊಗೆ ಯಂತ್ರದ ಕಥೆಯೂ ಅಷ್ಟೇ. ಬೀದಿಯಲ್ಲಿ ಗುರ್ ಅಂತ ಹೊಗೆ ಬಿಡುತ್ತಾ ಹೋಗುತ್ತಾರೆ, ಡೀಸೆಲ್ ವಾಸನೆಗೆ ಜನ ದಡಬಡ ಬಾಗಿಲು ಹಾಕಿಕೊಳ್ಳುತ್ತಾರೆ. ಸೊಳ್ಳೆ ಇರುವುದು ಆ ಬಾಗಿಲ ಒಳಗೆ. ಹೊಗೆ ಹಾರುವ ಸೊಳ್ಳೆಯನ್ನು ಕೊಲ್ಲಬಹುದು, ಬ್ಯಾರಲ್‌ನ ಹುಳಕ್ಕೆ ಏನೂ ಆಗಲ್ಲ. ಊರಲ್ಲಿ ಡೆಂಗಿ ಹಬ್ಬಿದಾಗ ಮನೆಯೊಳಗೆ ಹೊಗೆ ಹಾಕುವುದಕ್ಕೆ ಅರ್ಥ ಇದೆ. ವರ್ಷಕ್ಕೊಮ್ಮೆ ಬೀದಿಯಲ್ಲಿ ಮೆರವಣಿಗೆ ಮಾಡುವುದಕ್ಕೆ ಇಲ್ಲ.

ಹುಳ ಕೊಲ್ಲುವ ಟೆಮಿಫಾಸ್ ದ್ರಾವಣ ಹಾಕಿಸುವುದಾದರೆ ಬಳಸುವ ನೀರಿಗೆ ಹಾಕಿಸಿ, ಯಾಕೆ ಹಾಕುತ್ತಿದ್ದೀರಿ ಅಂತ ಹೇಳಿ. ಹೇಳದೆ ಹಾಕಿ ಹೋದರೆ ವಾಸನೆ ಬಂತು ಅಂತ ಆ ನೀರನ್ನೇ ಚೆಲ್ಲುತ್ತಾರೆ. ಹುಳ ತಿನ್ನುವ ಗಪ್ಪಿ ಮೀನು ಒಳ್ಳೆಯ ಉಪಾಯ. ದನದ ತೊಟ್ಟಿಗೆ, ಬಳಸದ ಬಾವಿಗೆ, ಕೃಷಿ ಹೊಂಡಕ್ಕೆ ಬಿಡಿ. ಮನೆ ಬ್ಯಾರಲ್‌ಗೆ ಮೀನು ಬಿಡ್ತೀವಿ ಅಂದರೆ ನಮ್ಮ ಕಡೆ ಎಷ್ಟೋ ಮನೆಯವರು ಹೌಹಾರುತ್ತಾರೆ. ಅದರ ಬಗ್ಗೆ ವಾದ ಮಾಡುತ್ತಾ ಕೂರುವುದು ಸುಮ್ನೆ ಹೊತ್ತು ಹಾಳು.

ಮಲೇರಿಯಾ ಬೇರೆ ದಾರಿಯಲ್ಲಿ ಬರುತ್ತೆ. ನಮ್ಮ ಹುಡುಗರು ಕಟ್ಟಡ ಕೆಲಸಕ್ಕೆ ಮಂಗಳೂರಿಗೆ, ಗೋವಾಕ್ಕೆ ದುಡಿಯಲು ಹೋಗುತ್ತಾರೆ. ಮಂಗಳೂರಿನ ಕಟ್ಟಡ ಕೆಲಸದ ಜಾಗಗಳಲ್ಲಿ ಮಲೇರಿಯಾ ಹಳೇ ಕಥೆ. ಪಂಚಮಿಗೆ, ಯುಗಾದಿಗೆ, ಊರ ಜಾತ್ರೆಗೆ ಬಂದಾಗ ಚಳಿಜ್ವರ ಶುರುವಾಗುತ್ತೆ. ಕೆಲವರು ಅಲ್ಲೇ ತೋರಿಸಿಕೊಂಡು ಅರ್ಧ ಮಾತ್ರೆ ನುಂಗಿ ಬಂದಿರುತ್ತಾರೆ. ವೈವಾಕ್ಸ್ ಅನ್ನುವ ಬಗೆಯ ಮಲೇರಿಯಾಗೆ ಮೂರು ದಿನದ ಮಾತ್ರೆಯಲ್ಲಿ ಜ್ವರ ಇಳಿಯುತ್ತೆ, ಆದರೆ ಯಕೃತ್ತಿನಲ್ಲಿ, ಅಂದರೆ ಲಿವರ್‌ನಲ್ಲಿ ಅಡಗಿದ ಕ್ರಿಮಿಗೆ ವೈದ್ಯರು ಹೇಳಿದಂತೆ 14 ದಿನ ಪ್ರಿಮಾಕ್ವಿನ್ ಮಾತ್ರೆ ತೆಗೆದುಕೊಳ್ಳಬೇಕು. ಜ್ವರ ಬಿಟ್ಟ ಮೇಲೆ ಯಾರು ತಗೋತಾರೆ? ತಿಂಗಳ ಮೇಲೆ ಅದೇ ಜ್ವರ ಮತ್ತೆ ಬರುತ್ತೆ, ಅಷ್ಟರಲ್ಲಿ ಇಲ್ಲಿನ ಸೊಳ್ಳೆ ಕಚ್ಚಿ ಪಕ್ಕದ ಮನೆಗೂ ಹಂಚಿರುತ್ತೆ. ದೇಶ 2030ಕ್ಕೆ ಮಲೇರಿಯಾ ಇಲ್ಲದಂತೆ ಮಾಡುವ ಗುರಿ ಇಟ್ಟಿದೆ. ಹಾಗಾದರೆ ಹಬ್ಬದ ವಾರದಲ್ಲಿ ಆಶಾ ಅಕ್ಕಂದಿರ ಕೈಯಲ್ಲಿ ಪರೀಕ್ಷೆ ಕಿಟ್ ಇರಬೇಕು, ದುಡಿಯಲು ಹೋಗಿ ಬಂದವರಿಗೆ ಜ್ವರ ಇದ್ದರೆ ಮನೆಯಲ್ಲೇ ರಕ್ತ ನೋಡಬೇಕು. ಅವರನ್ನು ರೋಗ ತಂದವರು ಅಂತ ಬೆರಳು ತೋರಿಸದ ಹಾಗೆ ಇದನ್ನು ಮಾಡಬೇಕು, ಅದೂ ನಿಮ್ಮದೇ ಜವಾಬ್ದಾರಿ.

ಸೊಳ್ಳೆಯಿಂದಲೇ ಬರುವ ಮೆದುಳು ಜ್ವರದ ಲಸಿಕೆ ಬಗ್ಗೆ ಒಂದೇ ಮಾತು. 2022ರ ಡಿಸೆಂಬರ್‌ನಲ್ಲಿ ನಮ್ಮ ಗದಗ, ಪಕ್ಕದ ಹಾವೇರಿ ಸೇರಿ ಕೆಲವು ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಜಪಾನೀಸ್ ಎನ್ಸೆಫಲೈಟಿಸ್ ಲಸಿಕೆ ಅಭಿಯಾನ ನಡೆಯಿತು. ಆಗ ದುಡಿಯಲು ಹೋದ ತಂದೆತಾಯಿ ಜೊತೆ ಊರು ಬಿಟ್ಟಿದ್ದ ಮಕ್ಕಳು ತಪ್ಪಿಸಿಕೊಂಡಿರಬಹುದು. ಅಂಗನವಾಡಿ ರಿಜಿಸ್ಟರ್ ತೆಗೆದು ನೋಡಿಸಿ.

ಇನ್ನು ಈ ಪತ್ರ ಓದುವ ಊರವರಿಗೆ. ಅಕ್ಕಾ, ಅಣ್ಣಾ, ಜ್ವರ ಬಂದ ತಕ್ಷಣ ನನ್ನ ಅಂಗಡಿಗೆ ಬಂದು "ಜಡ್ಡಿಗೆ ಜೋರಿಂದು ಗುಳಿಗಿ ಕೊಡ್ರಿ" ಅನ್ನಬೇಡಿ. ಡೆಂಗಿ ಅನುಮಾನ ಇದ್ದಾಗ ಬ್ರೂಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ತಗೊಂಡರೆ ರಕ್ತಸ್ರಾವ ಜಾಸ್ತಿ ಆಗಬಹುದು. ನೋವಿನ ಇಂಜೆಕ್ಷನ್ ಕೇಳಿ ಮಾಡಿಸಿಕೊಳ್ಳುವುದೂ ಬೇಡ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಎಷ್ಟು ಅಂತ ವೈದ್ಯರು ಹೇಳುತ್ತಾರೆ. ಗಂಜಿ, ಮಜ್ಜಿಗೆ, ಎಳನೀರು, ಓಆರ್‌ಎಸ್ ಕುಡಿಸುತ್ತಾ ಇರಿ. ಡೆಂಗಿ ಹೌದೋ ಅಲ್ಲವೋ ನೋಡಲು ಮೊದಲ ಐದು ದಿನದಲ್ಲಿ ಎನ್‌ಎಸ್1 ಅನ್ನುವ ರಕ್ತ ಪರೀಕ್ಷೆ, ಆಮೇಲೆ ಐಜಿಎಂ ಪರೀಕ್ಷೆ ಮಾಡುತ್ತಾರೆ. 2024ರ ಜುಲೈನಲ್ಲಿ ಸರ್ಕಾರ ಖಾಸಗಿ ಲ್ಯಾಬ್‌ಗಳಿಗೆ ಇವುಗಳ ದರ ಗೊತ್ತುಮಾಡಿತು. ಎಲೈಸಾ ಅನ್ನುವ ವಿಧಾನದಲ್ಲಿ ಮಾಡಿದರೆ ಒಂದಕ್ಕೆ 300 ರೂಪಾಯಿ. ಜಾಸ್ತಿ ಕೇಳಿದರೆ ಯಾಕೆ ಅಂತ ಕೇಳಿ.

ಎಲ್ಲಕ್ಕಿಂತ ಮುಖ್ಯ ವಿಷಯ ಜ್ವರ ಇಳಿದ ದಿನದ್ದು. ಮೂರ್ನಾಲ್ಕು ದಿನಕ್ಕೆ ಮೈ ತಣ್ಣಗಾಯಿತು ಅಂತ ಮನೆಯವರು ದೇವರಿಗೆ ಕೈ ಮುಗಿದು ಹೊಲಕ್ಕೆ ಹೋಗಿಬಿಡುತ್ತಾರೆ. ಡೆಂಗಿ ಕೈಕೊಡುವುದು ಆಗಲೇ. ಹೊಟ್ಟೆ ಜೋರಾಗಿ ನೋಯುವುದು, ಬಿಡದೆ ವಾಂತಿ, ಒಸಡಲ್ಲಿ ಮೂಗಲ್ಲಿ ರಕ್ತ, ಕಪ್ಪು ಮಲ, ಮಗು ಮಂಕಾಗಿ ಮಲಗುವುದು ಅಥವಾ ಒದ್ದಾಡುವುದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಒಮ್ಮೆ ಡೆಂಗಿ ಬಂದು ಹೋಗಿದೆ, ಇನ್ನು ಬರಲ್ಲ ಅನ್ನುವುದೂ ಸುಳ್ಳು. ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆ ಇವೆ. ಎರಡನೇ ಸಲ ಬೇರೆ ಬಗೆಯದು ಬಂದರೆ ಜೋರು ಆಗುವ ಸಂಭವ ಜಾಸ್ತಿ. ಜ್ವರ ಬಂದವರನ್ನು ಹಗಲಲ್ಲೂ ಸೊಳ್ಳೆ ಪರದೆಯೊಳಗೆ ಮಲಗಿಸಿ. ಅವರನ್ನು ಕಚ್ಚಿದ ಸೊಳ್ಳೆಯೇ ಆಮೇಲೆ ಮನೆಯ ಉಳಿದವರನ್ನು ಕಚ್ಚುವುದು.

2006ರ ಚಿಕೂನ್‌ಗುನ್ಯಾ ನೆನಪಿರುವವರು ಇನ್ನೂ ಇದ್ದಾರೆ. ಆಗ ಮನೆಗೆ ಮನೆಯೇ ಮಲಗಿತ್ತು. ಜ್ವರ ವಾರದಲ್ಲಿ ಹೋಯಿತು, ಕೀಲು ನೋವು ತಿಂಗಳುಗಟ್ಟಲೆ ಬಿಡಲಿಲ್ಲ. ಕಳೆ ತೆಗೆಯಲು ಕೂತ ಹೆಣ್ಣುಮಕ್ಕಳಿಗೆ ಏಳಲು ಆಗುತ್ತಿರಲಿಲ್ಲ. ಅದನ್ನು ಹರಡಿದ್ದೂ ಇದೇ ಈಡಿಸ್ ಜಾತಿಯ ಸೊಳ್ಳೆ.

ಅಧ್ಯಕ್ಷರೇ, ಪಿಡಿಓ ಸಾಹೇಬರೇ, ದಿನಾಚರಣೆಗಳು ನಮಗೇನೂ ಕಡಿಮೆ ಇಲ್ಲ. ಏಪ್ರಿಲ್ 25 ಮಲೇರಿಯಾ ದಿನ, ಮೇ 16 ಡೆಂಗಿ ದಿನ, ಜೂನ್ ಪೂರ್ತಿ ಮಲೇರಿಯಾ ವಿರೋಧಿ ಮಾಸ, ಆಗಸ್ಟ್ 20 ಸೊಳ್ಳೆ ದಿನ. ಬ್ಯಾನರ್ ಕಟ್ಟಿದ್ದು ಸಾಕು. ಮುಂದಿನ ಗ್ರಾಮ ಸಭೆಯ ವಿಷಯ ಪಟ್ಟಿಯಲ್ಲಿ ನಳದ ವೇಳಾಪಟ್ಟಿ ಸೇರಿಸಿ. ನೀರುಗಂಟಿಯನ್ನು ಎದ್ದು ನಿಲ್ಲಿಸಿ, ಯಾವ ಓಣಿಗೆ ಯಾವ ದಿನ ಬಿಡಲು ಆಗುತ್ತೆ ಅಂತ ಎಲ್ಲರ ಮುಂದೆ ಕೇಳಿ. ಆತ ಹೇಳಿದ್ದು ಆಗಲ್ಲ ಅಂತ ಅನ್ನಿಸಿದರೆ ಅಲ್ಲೇ ತಿದ್ದಿ, ಹತ್ತು ದಿನಕ್ಕೊಮ್ಮೆ ಆದರೆ ಹತ್ತು ದಿನ ಅಂತಲೇ ಬರೆಯಿರಿ, ಪರವಾಗಿಲ್ಲ. ಬ್ಯಾರಲ್ ಟೋಪಿ ಎಷ್ಟು ಮನೆಗೆ, ಯಾವ ಸಂಘಕ್ಕೆ ಹೊಲಿಯಲು ಕೊಡ್ತೀರಿ ಅನ್ನುವುದನ್ನೂ ಅದೇ ದಿನ ನಡಾವಳಿ ಪುಸ್ತಕದಲ್ಲಿ ದಾಖಲು ಮಾಡಿಸಿ. ವೇಳಾಪಟ್ಟಿಯ ಒಂದು ಪ್ರತಿಯನ್ನು ಔಷಧಿ ಅಂಗಡಿಗಳಿಗೂ ಕೊಡಿ, ಕೌಂಟರ್ ಮುಂದೆ ಅಂಟಿಸ್ತೀವಿ. ಊರಿನ ಎಲ್ಲರೂ ಒಂದಲ್ಲ ಒಂದು ದಿನ ಅಲ್ಲಿಗೆ ಬಂದೇ ಬರುತ್ತಾರೆ.

ಇಂತಿ,
ರೋಣ ತಾಲೂಕಿನ ಒಂದು ಹಳ್ಳಿಯ ಔಷಧಿ ಅಂಗಡಿಯವ